ಅಡುಗೆಮನೆಯ ಅಲಗು ಮತ್ತು ನಮ್ಮ ಕುಲುಮೆಗಳು



ಟಿಪ್ಪು ಸುಲ್ತಾನನ ಮಲಗುವ ಕೋಣೆಯಲ್ಲಿದ್ದ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಮೇಲೆ ಇಂಗ್ಲಿಷರು ಅಲ್ಲಿ ಎಣಿಸಿದ ಫಿರಂಗಿಗಳು 929. ಎರಕದ ಮನೆ, ನಳಿಗೆ ಕೊರೆಯುವ ಯಂತ್ರ, ಮದ್ದಿನ ಮನೆ, ಬಂದೂಕಿನ ಉಗ್ರಾಣ, ಎಲ್ಲವನ್ನೂ ಅವರು ಪಟ್ಟಿ ಮಾಡಿಟ್ಟರು. ಆ ಪಟ್ಟಿ ಇವತ್ತಿಗೂ ಓದಲು ಸಿಗುತ್ತದೆ. ಅದೇ ಊರಿನ ಅಡುಗೆಮನೆಗಳಲ್ಲಿ ಎಷ್ಟು ಈಳಿಗೆಮಣೆ ಇದ್ದವು, ಅವನ್ನು ಯಾರು ಮಾಡಿಕೊಡುತ್ತಿದ್ದರು ಎಂದು ಯಾರೂ ಬರೆದಿಡಲಿಲ್ಲ. ಯುದ್ಧ ಮುಗಿಯಿತು, ಆಯುಧಗಳು ಹಡಗು ಹತ್ತಿದವು. ಮಾರನೆಯ ದಿನವೂ ಯಾರೋ ಒಬ್ಬಳು ಸೊಪ್ಪು ಹೆಚ್ಚಲೇಬೇಕಾಗಿತ್ತು. ನಾನು ಮಾತಾಡಬೇಕೆಂದಿರುವುದು ಆ ಹೆಂಗಸಿನ ಮುಂದಿದ್ದ ಅಲಗಿನ ಬಗ್ಗೆ, ಅದಕ್ಕೆ ಬಾಯಿ ಕೊಟ್ಟ ಕೈಯ ಬಗ್ಗೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ನಮ್ಮ ಸೀಮೆಯಲ್ಲಿ ಅಲಗು ಮಾಡುವ ವಿದ್ಯೆ ಇಷ್ಟು ತಲೆಮಾರು ಬಾಳಿದ್ದಕ್ಕೆ ಕಾರಣ, ಮಾರಿದ ಅಲಗು ಮತ್ತೆ ಮತ್ತೆ ಅದೇ ಕುಲುಮೆಗೆ ಹಿಂತಿರುಗಿ ಬರುತ್ತಿದ್ದುದು. ತನ್ನ ಕೈಕೆಲಸ ಎಲ್ಲಿ ಸೋತಿದೆ ಎಂಬುದನ್ನು ಕಮ್ಮಾರ ಕಣ್ಣಾರೆ ಕಂಡು ಕಲಿತದ್ದು ಹಾಗೆ ತಿರುಗಿ ಬಂದ ಅಲಗಿನಿಂದ. ಇವತ್ತು ಆ ಬರುವಿಕೆ ನಿಂತಿದೆ. ಕುಲುಮೆ ಆರುತ್ತಿರುವುದು ಅದಕ್ಕೇ. ಯಂತ್ರ ಬಂದದ್ದು, ಹುಡುಗರು ಬೆಂಗಳೂರಿಗೆ ಹೋದದ್ದು, ಇದ್ದಿಲಿನ ಬೆಲೆ ಏರಿದ್ದು ಎಲ್ಲವೂ ನಿಜವೇ, ಆದರೆ ಅವೆಲ್ಲ ಇದರ ಆಮೇಲಿನ ಮಾತು.

ಒಂದು ತೊಡಕಿದೆ. ನಾಗಮಂಗಲದ ಹಿತ್ತಾಳೆ, ಕಂಚಿನ ಕೆಲಸ ಎಂದರೆ ತೋರಿಸಲು ಮೂರ್ತಿ ಇದೆ, ದೀಪ ಇದೆ, ಗಂಟೆ ಇದೆ. ಮೇಣದ ಅಚ್ಚು ಕಟ್ಟಿ ಎರಕ ಹೊಯ್ದ ವಿಗ್ರಹ ದೇವಸ್ಥಾನದಲ್ಲಿ ಕೂತರೆ ನಾನೂರು ವರ್ಷ ಅಲ್ಲೇ ಇರುತ್ತದೆ. ಕಬ್ಬಿಣದ ಹಣೆಬರಹ ಹಾಗಲ್ಲ. ಅಡುಗೆಮನೆಯ ಅಲಗು ದಿನಾ ಸವೆಯುತ್ತದೆ. ಕಲ್ಲಿಗೆ ಮಸೆದಾಗ ಒಂದಿಷ್ಟು, ಅರಕ್ಕೆ ಕೊಟ್ಟಾಗ ಒಂದಿಷ್ಟು, ಹುಣಸೆಹುಳಿ ತಾಗಿ ತುಕ್ಕು ಹಿಡಿದು ಒಂದಿಷ್ಟು. ಮದುವೆಯಾಗಿ ಬಂದಾಗ ಮೂರು ಬೆರಳು ಅಗಲವಿದ್ದ ಈಳಿಗೆ ಮೊಮ್ಮಕ್ಕಳ ಕಾಲಕ್ಕೆ ಒಂದು ಬೆರಳಾಗಿರುತ್ತದೆ. ಕೊನೆಗೆ ಉಳಿದ ಚೂರು ಮತ್ತೆ ಬೆಂಕಿಗೆ ಹೋಗಿ ಬಾಗಿಲ ಚಿಲಕವೋ ಮೊಳೆಯೋ ಆಗುತ್ತದೆ. ಹಾಗಾಗಿ ಇನ್ನೂರು ವರ್ಷದ ಹಳೆಯ ಅಡುಗೆ ಅಲಗನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನಿಮಗೆ ತೋರಿಸಲಾರೆ. ಚೆನ್ನಾಗಿ ದುಡಿದ ಅಲಗು ಉಳಿಯುವುದಿಲ್ಲ; ಮೂಲೆ ಸೇರಿ ಯಾರೂ ಬಳಸದೆ ಬಿಟ್ಟದ್ದು ಮಾತ್ರ ಉಳಿಯುತ್ತದೆ. ಈ ಕಸುಬಿನ ಪರಂಪರೆಯನ್ನು ವಸ್ತುವಿನಲ್ಲಿ ಹುಡುಕುವವರಿಗೆ ಏನೂ ಸಿಗದು. ಕೈಯಲ್ಲಿ, ಕಣ್ಣಿನಲ್ಲಿ, ಕಿವಿಯಲ್ಲಿ ಹುಡುಕಬೇಕು.

ಈಳಿಗೆಮಣೆಯನ್ನು ಒಂದು ನಿಮಿಷ ಗಮನಿಸಿ ನೋಡೋಣ. ಹಲಸಿನದೋ ಹೊನ್ನೆಯದೋ ಹಲಗೆ. ಅದರ ಮುಂತುದಿಯಲ್ಲಿ ನೆಟ್ಟ ಬಾಗಿದ ಅಲಗು. ಅಲಗಿನ ನೆತ್ತಿಯ ಮೇಲೆ ಹಲ್ಲು ಹಲ್ಲಾದ ತುರಿಯುವ ಬಿಲ್ಲೆ. ಕೂತವಳ ಕಡೆಗೆ ಅಲಗಿನ ಬಾಯಿ. ಒಂದು ಕಾಲು ಮಡಿಸಿ, ಹಲಗೆಯ ಮೇಲೆ ಮೈಭಾರ ಬಿಟ್ಟು, ಎರಡೂ ಕೈಯಲ್ಲಿ ತರಕಾರಿ ಹಿಡಿದು ಮುಂದಕ್ಕೆ ಒತ್ತುತ್ತಾಳೆ. ಜಗತ್ತಿನ ಬಹುಪಾಲು ಅಡುಗೆಮನೆಗಳಲ್ಲಿ ತರಕಾರಿ ನಿಂತಿರುತ್ತದೆ, ಚಾಕು ಓಡಾಡುತ್ತದೆ. ಇಲ್ಲಿ ಚಾಕು ನಿಂತಿರುತ್ತದೆ, ತರಕಾರಿ ಓಡಾಡುತ್ತದೆ. ಬಂಗಾಳದ ಬೋಟಿ, ತಮಿಳರ ಅರಿವಾಳ್‌ಮನೈ, ನಮ್ಮ ಕರಾವಳಿಯ ಮೆಟ್ಟುಗತ್ತಿ ಎಲ್ಲ ಇದೇ ಕುಲದವು.

ಇದರಿಂದ ಕಮ್ಮಾರನಿಗೆ ಏನು ವ್ಯತ್ಯಾಸ ಎಂಬುದು ಮುಖ್ಯ. ಮೇಜಿನ ಮೇಲೆ ಹಲಗೆ ಇಟ್ಟು ಹೆಚ್ಚುವ ಚಾಕು ಪ್ರತಿ ಏಟಿಗೂ ಆ ಹಲಗೆಯನ್ನು ಕುಟ್ಟುತ್ತದೆ. ಚಾಕು ಮೊಂಡಾಗುವುದು ತರಕಾರಿಯಿಂದ ಅಷ್ಟಲ್ಲ, ಹೆಚ್ಚಾಗಿ ಹಲಗೆಯಿಂದ. ಈಳಿಗೆಯ ಬಾಯಿಗೆ ಹಲಗೆ ತಾಗುವುದೇ ಇಲ್ಲ. ಬದನೆ, ಹೀರೆ, ಸೊಪ್ಪು ಇಷ್ಟೇ ಅದರ ಎದುರಾಳಿ. ಹಾಗಾಗಿ ಅದಕ್ಕೆ ಬಹಳ ಗಡುಸು ಉಕ್ಕು ಬೇಡ, ತೆಳ್ಳಗೆ ಬಾಯಿ ತೆಗೆದರೂ ತಡೆಯುತ್ತದೆ, ಮನೆ ಹಿಂದಿನ ಕಲ್ಲಿಗೆ ನಾಲ್ಕು ಸಲ ಎಳೆದರೆ ಸಾಕು. ನಮ್ಮೂರ ಕಮ್ಮಾರರು ಸಿಕ್ಕಿದ ಕಬ್ಬಿಣದಲ್ಲೇ ಒಳ್ಳೆಯ ಅಲಗು ಮಾಡಿಕೊಟ್ಟರೆಂದರೆ ಅದರಲ್ಲಿ ಅಡುಗೆಯ ಭಂಗಿಯ ಪಾಲೂ ಇದೆ. ಹೆಂಗಸರು ಕೂರುವ ರೀತಿಯನ್ನು ತಿಳಿದೇ ಅಲಗಿನ ಬಾಗು ತೆಗೆಯುತ್ತಿದ್ದರು. ಮದುವೆ ಅಡುಗೆಯವರ ಈಳಿಗೆ ಎತ್ತರ, ಮನೆಯದು ತಗ್ಗು.

ಇನ್ನೊಂದು ಅಲಗು ಮಚ್ಚು. ನಮ್ಮ ಬಾಡೂಟದ ಸೀಮೆಯಲ್ಲಿ ಅದಿಲ್ಲದೆ ಅಡುಗೆ ಇಲ್ಲ. ಹುಣಸೆಮರದ ಕೊರಡಿನ ಮೇಲೆ ಮೂಳೆ ಸಮೇತ ಮಾಂಸ ಕಡಿಯಬೇಕು, ಎಳನೀರು ಕೆತ್ತಬೇಕು, ಸೌದೆ ಸೀಳಬೇಕು. ಇದರ ಬಾಯಿ ಈಳಿಗೆಯಷ್ಟು ತೆಳ್ಳಗಿದ್ದರೆ ಮೊದಲನೇ ಮೂಳೆಗೇ ಹಲ್ಲು ಬೀಳುತ್ತದೆ. ದಪ್ಪ ಬೆನ್ನು, ಗುಂಡಗಿನ ಬಾಯಿ, ಏಟು ತಡೆಯುವ ಹದ. ಒಂದೇ ಕುಲುಮೆ, ಒಂದೇ ಕೈ, ಎರಡು ಅಲಗಿಗೆ ಎರಡು ಹದ.

ಹದದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕಸುಬಿನ ಜೀವ ಅಲ್ಲಿದೆ.

ಇವತ್ತು ನಮ್ಮ ಕುಲುಮೆಗಳಿಗೆ ಬರುವ ಉಕ್ಕು ಬಹುತೇಕ ಗುಜರಿಯದು. ಲಾರಿ, ಜೀಪುಗಳ ಅಡಿಯ ಕಮಾನು ಪಟ್ಟಿ ಎಲ್ಲರಿಗೂ ಇಷ್ಟ. ಅದರಲ್ಲಿ ನೂರಕ್ಕೆ ಅರ್ಧ ಭಾಗಕ್ಕಿಂತ ತುಸು ಹೆಚ್ಚು ಇಂಗಾಲವಿರುತ್ತದೆ, ಜತೆಗೆ ಸಿಲಿಕಾನ್, ಮ್ಯಾಂಗನೀಸ್. ಅಲಗಿಗೆ ಗಡುಸು ಕೊಡುವುದು ಇಂಗಾಲ. ಕಟ್ಟಡದ ಕಂಬಿಯಲ್ಲಿ ಅದು ಕಡಿಮೆ, ಆದ್ದರಿಂದ ಕಂಬಿಯಿಂದ ಮಾಡಿದ ಚಾಕು ಎಷ್ಟು ಮಸೆದರೂ ಬಾಯಿ ಹಿಡಿಯುವುದಿಲ್ಲ. ಪಟ್ಟಿ ಒಳ್ಳೆಯದೋ ಅಲ್ಲವೋ ಎಂದು ಕಮ್ಮಾರ ಪ್ರಯೋಗಾಲಯಕ್ಕೆ ಕಳಿಸುವುದಿಲ್ಲ. ಸಾಣೆಚಕ್ರಕ್ಕೆ ತಾಗಿಸಿ ಕಿಡಿ ನೋಡುತ್ತಾನೆ. ಉದ್ದಕ್ಕೆ ಎಳೆದಂತೆ ಹಾರುವ ಕಿಡಿ ಮೆತ್ತನೆಯ ಕಬ್ಬಿಣದ್ದು. ತುದಿಯಲ್ಲಿ ಒಡೆದು ಕವಲು ಕವಲಾಗಿ ಚಿಮ್ಮಿದರೆ ಇಂಗಾಲವಿದೆ ಎಂದು ಅರ್ಥ. ಲೋಹಶಾಸ್ತ್ರದ ಪುಸ್ತಕಗಳೂ ಕಿಡಿ ಪರೀಕ್ಷೆಯನ್ನು ಒಪ್ಪುತ್ತವೆ.

ಆಮೇಲೆ ಬೆಂಕಿ. ಕುಲುಮೆ ಯಾವಾಗಲೂ ಕತ್ತಲಾಗಿರುವುದನ್ನು ನೋಡಿರುತ್ತೀರಿ. ತಗ್ಗು ಸೂರು, ಮಸಿ ಹಿಡಿದ ಗೋಡೆ. ಬಡತನದಿಂದ ಹಾಗಿದೆ ಎಂದುಕೊಂಡವರೇ ಹೆಚ್ಚು. ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ಕಾಣುವುದಿಲ್ಲ, ಬಣ್ಣ ಕಾಣದಿದ್ದರೆ ಶಾಖ ತಿಳಿಯುವುದಿಲ್ಲ, ಅದಕ್ಕೇ ಆ ಕತ್ತಲು. ಕೆಂಡಗೆಂಪಿಗೆ ಬಡಿತ, ಕಿತ್ತಳೆಗೆ ಜೋರು ಬಡಿತ, ಬೆಳ್ಳಗೆ ಕಿಡಿ ಉದುರಲು ಶುರುವಾಯಿತೆಂದರೆ ಉಕ್ಕು ಸುಟ್ಟಿತು, ಇನ್ನು ಅದು ಯಾವುದಕ್ಕೂ ಬಾರದು. ತಣ್ಣಗಾದ ಮೇಲೆ ಬಡಿದರೆ ಸೀಳು ಬಿಡುತ್ತದೆ. ತಿದಿಯ ಗಾಳಿ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಅಡಿಗಲ್ಲಿನ ಮೇಲೆ ಚಿಕ್ಕ ಸುತ್ತಿಗೆ ಹಿಡಿದವನು ಜಾಗ ತೋರಿಸುತ್ತಾನೆ, ಎದುರು ನಿಂತವರು ಸಮ್ಮೆಟ್ಟಿಗೆಯಲ್ಲಿ ಅಲ್ಲಿಗೇ ಹೊಡೆಯುತ್ತಾರೆ. ಇಬ್ಬರೂ ಮಾತಾಡುವುದಿಲ್ಲ. ಅಡಿಗಲ್ಲಿಗೆ ಒಂದು ಹುಸಿ ಏಟು ಬಿದ್ದರೆ ನಿಲ್ಲಿಸು ಎಂದು ಅರ್ಥ.

ಆಕಾರ ಬಂದಮೇಲೆ ಹದ. ಅಲಗನ್ನು ಮತ್ತೆ ಕೆಂಪಗೆ ಕಾಯಿಸಿ, ಬಾಯಿಯ ಕಡೆಯನ್ನು ಮಾತ್ರ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಲಾರಿ ಪಟ್ಟಿಯ ಉಕ್ಕು ನೀರಿನಲ್ಲಿ ಬಿರಿಯಬಹುದು, ಅದಕ್ಕೆ ಹಳೆಯ ಇಂಜಿನ್ ಆಯಿಲ್. ಹಠಾತ್ತನೆ ತಣಿದಾಗ ಒಳಗಿನ ಇಂಗಾಲ ಹೊರಗೆ ಬರಲಾಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಉಕ್ಕು ಗಾಜಿನಷ್ಟು ಗಡುಸಾಗುತ್ತದೆ. ಗಾಜಿನಷ್ಟೇ ಪೆಡಸೂ ಆಗುತ್ತದೆ. ಹಾಗೇ ಬಿಟ್ಟರೆ ಕೈಜಾರಿ ಬಿದ್ದರೆ ಮುರಿಯಿತು. ಆದ್ದರಿಂದ ಬೆನ್ನಿನಲ್ಲಿ ಉಳಿದ ಶಾಖ ಮೆಲ್ಲಗೆ ಬಾಯಿಯ ಕಡೆಗೆ ಹರಿಯಲು ಬಿಡುತ್ತಾರೆ. ಅಲಗನ್ನು ಇಟ್ಟಿಗೆ ಚೂರಿಗೆ ಉಜ್ಜಿ ಬೆಳ್ಳಗೆ ಮಾಡಿ ನೋಡುತ್ತಾ ಕೂತರೆ ಬಣ್ಣಗಳು ಓಡಿಬರುತ್ತವೆ. ಮೊದಲು ಒಣಹುಲ್ಲಿನ ತಿಳಿ ಹಳದಿ, ಅದು ಸುಮಾರು 220 ಡಿಗ್ರಿ. ಆಮೇಲೆ ಕಂದು, ಆಮೇಲೆ ನೇರಳೆ, 300ರ ಹತ್ತಿರ ನೀಲಿ. ತರಕಾರಿಯ ಅಲಗನ್ನು ಹಳದಿಯಲ್ಲೇ ನಿಲ್ಲಿಸಬೇಕು. ಮಚ್ಚನ್ನು ನೇರಳೆಯವರೆಗೆ ಬಿಡಬೇಕು. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗಲು ಉಸಿರು ಬಿಟ್ಟು ಎಳೆದುಕೊಳ್ಳುವಷ್ಟು ಹೊತ್ತು. ಅಷ್ಟರಲ್ಲಿ ಮತ್ತೆ ಅದ್ದಬೇಕು. ಈ ಕ್ಷಣವನ್ನು ಯಾರೂ ಬಾಯಲ್ಲಿ ಹೇಳಿ ಕಲಿಸಲಾರರು. ಮಗ ಅಪ್ಪನ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ನೋಡಿಯೇ ಕಲಿಯಬೇಕು.

ಹಳಬರು ಇನ್ನೊಂದು ರೀತಿ ಮಾಡುತ್ತಿದ್ದರು. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಇಡೀ ಅಲಗನ್ನು ಉಕ್ಕಿನಲ್ಲಿ ಮಾಡುವವರು ಯಾರು? ಮೈಯೆಲ್ಲ ಮೆತ್ತನೆಯ ಕಬ್ಬಿಣ, ಬಾಯಿಗೆ ಮಾತ್ರ ಉಕ್ಕು. ಕಬ್ಬಿಣವನ್ನು ಸೀಳಿ, ನಡುವೆ ಉಕ್ಕಿನ ಪಟ್ಟಿ ಇಟ್ಟು, ಮರಳು ಎರಚಿ, ಬಿಳಿಗಾವಿಗೆ ಕಾಯಿಸಿ ಬೆಸೆಯುವುದು. ಜಪಾನಿನ ಸಕಾಯ್ ಊರಿನ ಅಡುಗೆ ಚಾಕುಗಳನ್ನು ಇಂದಿಗೂ ಹೀಗೇ ಮಾಡುತ್ತಾರೆ: ಮೆತ್ತನೆಯ ಕಬ್ಬಿಣದ ಮೈ, ಗಡುಸು ಉಕ್ಕಿನ ಬಾಯಿ. ದೂರ ದೂರದ ಎರಡು ದೇಶಗಳ ಕಮ್ಮಾರರು ಒಂದೇ ಬಡತನಕ್ಕೆ ಒಂದೇ ಉತ್ತರ ಕಂಡುಕೊಂಡಿದ್ದಾರೆ.

ಆ ದುಬಾರಿ ಉಕ್ಕು ಎಲ್ಲಿಂದ ಬರುತ್ತಿತ್ತು? ನಮ್ಮ ನೆರೆಯಿಂದಲೇ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿಯ ಅಪ್ಪಣೆಯ ಮೇಲೆ ಮೈಸೂರು ಸೀಮೆಯನ್ನು ಸುತ್ತಿದ. ಶ್ರೀರಂಗಪಟ್ಟಣದಲ್ಲಿ ತಂಗಿದ್ದ, ಮೇಲುಕೋಟೆ, ನಾಗಮಂಗಲ, ಬೆಳ್ಳೂರುಗಳನ್ನೂ ಹಾದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಮಾಗಡಿ ಸುತ್ತಮುತ್ತ ಮಳೆಗಾಲದ ಹಳ್ಳಗಳು ಕೊಚ್ಚಿ ತರುವ ಕರಿಮರಳಿನಿಂದ ಕಬ್ಬಿಣ ತೆಗೆಯುವುದು, ಚನ್ನರಾಯನದುರ್ಗದ ಕಡೆ ಮೂಸೆಯಲ್ಲಿ ಉಕ್ಕು ಕರಗಿಸುವುದು, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದು ಎಲ್ಲ ವಿವರವಾಗಿದೆ. ಜೇಡಿಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜತೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ. ಬಾಯಿ ಮುಚ್ಚಿ ಗಂಟೆಗಟ್ಟಲೆ ಊದಿದರೆ ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಇಳಿಯುತ್ತದೆ. ಬೇಲಿಯಲ್ಲಿ ಹಳದಿ ಹೂ ಬಿಟ್ಟು ನಿಂತಿರುವ ತಂಗಡಿಯನ್ನು ಮುಂದಿನ ಸಲ ಕಂಡಾಗ ಇದನ್ನು ನೆನೆಯಿರಿ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಚೂರುಗಳು ಸಿಕ್ಕಿ, ವಿದ್ವಾಂಸರು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ್ದಾರೆ.

ಈ ದಕ್ಷಿಣದ ಮೂಸೆ ಉಕ್ಕು 1795ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಗಮನ ಸೆಳೆದಿತ್ತು. ಕತ್ತಿ, ಬಂದೂಕು ಮಾಡುವವರ ಕೈಗೆ ಹೋಗುವ ಬದಲು ಅದು ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ಮಾಡುವವನ ಕೈಗೆ ಹೋಯಿತು. ಅವನು ಅದರಿಂದ ಪೆನ್ನಿನ ಚಾಕು ಮಾಡಿ ನೋಡಿದ, ಮೆಚ್ಚಿದ. ಮುಂದೆ 1820ರ ಹೊತ್ತಿಗೆ ಉಕ್ಕಿನ ಮಿಶ್ರಲೋಹಗಳ ಮೇಲೆ ಅವನ ಜತೆಗೂಡಿ ಪ್ರಯೋಗ ಮಾಡಿದವನು ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಫ್ಯಾರಡೆ ಎಂದು ನಮ್ಮ ಮಕ್ಕಳು ಓದುತ್ತಾರಲ್ಲ, ಅವನೇ. ಅವನ ಅಪ್ಪ ಕಮ್ಮಾರ. ಕಮ್ಮಾರನ ಮಗನೊಬ್ಬ ಚಾಕುಗಾರನ ಜತೆ ಕೂತು ನಮ್ಮ ನಾಡಿನ ಕಮ್ಮಾರರ ಉಕ್ಕನ್ನು ಅರ್ಥಮಾಡಿಕೊಳ್ಳಲು ಹೆಣಗಿದ ಎಂಬುದನ್ನು ಓದಿದಾಗೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ನಾಲ್ಕು ಸಾಲು ಜಾಗ ಸಿಗಬೇಕು.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಕಡೆಗೆ. ಹಳ್ಳಿಯ ಕಮ್ಮಾರ ವರ್ಷದ ಕೆಲಸಕ್ಕೆ ವರ್ಷಕ್ಕೊಮ್ಮೆ ಕಾಳು ತೆಗೆದುಕೊಳ್ಳುತ್ತಿದ್ದ. ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಗಿಯನ್ನೋ ಭತ್ತವನ್ನೋ ಅಳೆಸಿಕೊಂಡು ಹೋಗುತ್ತಿದ್ದ. ಹಡದೆ ಎನ್ನುವುದು ಇದನ್ನೇ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯಲ್ಲಿದ್ದಾಗ ಈ ಸಂಬಂಧವನ್ನು ಕಂಡು ಬರೆದಿದ್ದಾರೆ. 1954ರಿಂದ 56ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ, ಒಂದು ನಾಲೆ ನೀರಿನದು, ಇನ್ನೊಂದು ನೀರಿಲ್ಲದ್ದು, ಅಧ್ಯಯನ ಮಾಡಿದ ಸ್ಕಾರ್ಲೆಟ್ ಎಪ್ಸ್ಟೀನ್ ಕೂಡ ವರ್ಷದ ಕಾಳಿನ ಲೆಕ್ಕವನ್ನು ದಾಖಲಿಸಿದ್ದಾರೆ. ಹಡದೆಯಿಂದ ಅಲಗಿನ ಗುಣಕ್ಕೆ ಏನಾಗುತ್ತಿತ್ತು ಎಂಬುದು ನನ್ನ ಕುತೂಹಲ. ವರ್ಷಪೂರ್ತಿ ಎಷ್ಟು ಸಲ ಅಲಗು ತಂದರೂ ಕಮ್ಮಾರನಿಗೆ ಸಿಗುವ ಕಾಳು ಅಷ್ಟೇ. ಆದ್ದರಿಂದ ಬೇಗ ಹಾಳಾಗುವ ಅಲಗು ಮಾಡಿದರೆ ನಷ್ಟ ಅವನಿಗೇ. ಗಟ್ಟಿಯಾಗಿ ಮಾಡುವುದೇ ಅವನ ಲಾಭ. ಇವತ್ತಿನ ಅಂಗಡಿಯ ಲೆಕ್ಕ ಇದಕ್ಕೆ ನೇರ ತಿರುವುಮುರುವು: ಬೇಗ ಹಾಳಾದಷ್ಟೂ ಬೇಗ ಇನ್ನೊಂದು ಮಾರಾಟ.

ಹಡದೆಯನ್ನು ನಾನು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ಕಣವಿದ್ದವರಿಗೆ ಮಾತ್ರ ಹಡದೆ. ಭೂಮಿಯಿಲ್ಲದ ಕೂಲಿಯವರ ಮನೆಯ ಕುಡುಗೋಲು ಸರದಿಯ ಕೊನೆಗೆ ಹೋಗುತ್ತಿತ್ತು, ಕುಲುಮೆಯ ಹೊಸ್ತಿಲಾಚೆ ನಿಲ್ಲಬೇಕಾಗಿದ್ದವರೂ ಇದ್ದರು. ಗೌಡರು ಅಳೆಯುವಾಗ ಕೈ ಬಿಗಿ ಹಿಡಿದರೆ ಕಮ್ಮಾರ ಕೇಳುವಂತಿರಲಿಲ್ಲ. ಸಂತೆಯಲ್ಲಿ ಬಿಡಾರ ಹೂಡಿ, ನೆಲದಲ್ಲೇ ಕುಳಿ ತೋಡಿ ಬೆಂಕಿ ಹಾಕುತ್ತಿದ್ದ ಬೈಲು ಕಮ್ಮಾರರಿಗಂತೂ ಯಾವ ಊರಿನ ಕಣವೂ ಇರಲಿಲ್ಲ. ಬಡವರ ಮನೆಗೆ ಅಲಗು ಕೊಟ್ಟವರಲ್ಲಿ ಅವರ ಪಾಲು ದೊಡ್ಡದು, ಅವರ ಹೆಸರು ಎಲ್ಲೂ ಇಲ್ಲ.

ಆದರೂ ಅಲಗು ತಿರುಗಿ ಬರುತ್ತಿದ್ದಾಗ ಕುಲುಮೆಯ ಬಾಗಿಲಲ್ಲಿ ಎಂಥ ಮಾತು ನಡೆಯುತ್ತಿತ್ತು ಎಂಬುದು ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು.

"ಆಚಾರ್ರೆ, ಇದ್ಯಾಕೋ ಸೊಪ್ಪನ್ನೂ ಕುಯ್ಯಾಕಿಲ್ಲ ಅಂತದೆ."

"ಎಲ್ಲಿ, ಕೊಡವ್ವ ನೋಡಾನ. ಒಲೆ ಕೆದಕಿದ್ಯಾ ಇದ್ರಲ್ಲಿ?"

"ನಾನ್ಯಾಕ್ ಕೆದಕ್ಲಿ? ಐಕ್ಳು ಕೆದಕಿದ್ರೋ ಏನೋ."

"ಅದೇಯ. ಬಾಯಿ ಸುಟ್ಟೋಗದೆ. ಮಡಗಿ ಓಗು, ಸಂದ್ಯಾಕೆ ಬಾ."

ಈ ಸಣ್ಣ ಮಾತಿನಲ್ಲಿ ಒಂದು ಶಾಸ್ತ್ರ ಅಡಗಿದೆ. ಒಲೆಯ ಕೆಂಡಕ್ಕೆ ಹಿಡಿದ ಅಲಗಿನ ಹದ ಇಳಿದುಹೋಗುತ್ತದೆ. ಹಳದಿಯಲ್ಲಿ ನಿಲ್ಲಿಸಿದ್ದು ನೀಲಿ ದಾಟಿ ಮೆತ್ತಗಾಗುತ್ತದೆ. ಕಮ್ಮಾರ ಅಲಗು ನೋಡಿ ಮನೆಯಲ್ಲಿ ನಡೆದದ್ದನ್ನು ಹೇಳುತ್ತಾನೆ. ಅವಳು ಮುಂದಿನ ಸಲ ಜೋಪಾನ ಮಾಡುತ್ತಾಳೆ, ಅವನು ಆ ಮನೆಯ ಅಲಗಿಗೆ ಎಂಥ ಬಾಯಿ ಬೇಕೆಂದು ತಿಳಿದುಕೊಳ್ಳುತ್ತಾನೆ.

ನಾಲೆ ಬಂದಮೇಲೆ ಕುಲುಮೆಯ ಕೆಲಸವೇ ಬದಲಾಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಕಲ್ಲು ಒಡೆಯುವ ಕಡೆಯೆಲ್ಲ ಕಮ್ಮಾರ ಇರಲೇಬೇಕು, ದಿನದ ಉಳಿಗಳು ದಿನವೇ ಮೊಂಡಾಗುತ್ತವೆ. ಆ ಕಟ್ಟೆಯ ಬಗ್ಗೆ ಬರೆದವರು ವಿಶ್ವೇಶ್ವರಯ್ಯನವರನ್ನು, ಕೃಷ್ಣರಾಜ ಒಡೆಯರನ್ನು ಸ್ಮರಿಸುತ್ತಾರೆ, ಸ್ಮರಿಸಲೇಬೇಕು; ಉಳಿ ಹದ ಮಾಡಿದವರನ್ನೂ ಸೇರಿಸಿಕೊಳ್ಳೋಣ. ವಿಶ್ವೇಶ್ವರಯ್ಯ ನಾಲೆ ಪಾಂಡವಪುರ, ಮಂಡ್ಯದ ಬಯಲಿಗೆ ನೀರು ತಂದಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು, ಆಲೆಮನೆಗಳು ಎದ್ದವು. ಕಬ್ಬು ಕಡಿಯುವವರ ಕೈಗೆ ಮಚ್ಚು ಬೇಕಾಯಿತು. ಅತ್ತ ನಾಗಮಂಗಲ ಮಳೆಯನ್ನೇ ನಂಬಿದ ರಾಗಿಯ ಸೀಮೆ, ಅಲ್ಲಿ ಕುಲುಮೆಗೆ ಕೈತುಂಬ ಕೆಲಸ ಕೊಟ್ಟದ್ದು ಕುಯ್ಲಿನ ಕುಡುಗೋಲು ಮತ್ತು ನೇಗಿಲ ಕುಳ. ಕೆ.ಆರ್. ಪೇಟೆ ಎರಡಕ್ಕೂ ನಡುವೆ, ತೆಂಗಿನ ತೋಟದ ಊರುಗಳಲ್ಲಿ ಕಾಯಿ ಸುಲಿಯುವ ಸಾಮಾನು ಬೇರೆ. ಹೇಮಗಿರಿ, ಬೇಬಿ ಬೆಟ್ಟದ ದನದ ಜಾತ್ರೆಗಳಲ್ಲಿ ಲಾಳ ಕಟ್ಟುವವರ ಪಕ್ಕದಲ್ಲೇ ಗೋಣಿತಾಟು ಹಾಸಿ ಅಲಗು ಮಾರುತ್ತಿದ್ದರು. ಎತ್ತಿನ ಜೋಡಿ ಕೊಳ್ಳಲು ಗಂಡಸರು ಹೋದರೆ ಈಳಿಗೆಮಣೆ ತರಲು ಹೆಂಗಸರು ಹೇಳಿ ಕಳಿಸುತ್ತಿದ್ದರು, ತಂದದ್ದು ಸರಿಯಿಲ್ಲ ಎಂದು ಮನೆಯಲ್ಲಿ ಜಗಳವೂ ಆಗುತ್ತಿತ್ತು.

ಹೊಡೆತ ಎಲ್ಲಿಂದ ಬಿತ್ತು? 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ಕರಗಿಸಿದ. ಮೊದಲು ಅದನ್ನು ಬಳಸಿದ್ದೇ ಊಟದ ಚಾಕುಗಳಿಗೆ. ನಮ್ಮ ಅಡುಗೆಮನೆಗೆ ಸ್ಟೀಲ್ ಚಾಕು ಬರಲು ಹಲವು ದಶಕ ಹಿಡಿಯಿತು, ಬಂದಾಗ ಹೆಂಗಸರಿಗೆ ಅದು ನಿಜವಾದ ನೆಮ್ಮದಿ. ಕಬ್ಬಿಣದ ಅಲಗಿಗೆ ಬಾಳೆಕಾಯಿ, ಬದನೆಕಾಯಿ ತಾಗಿದರೆ ಕಪ್ಪಗಾಗುತ್ತವೆ. ಒರೆಸಿಡದಿದ್ದರೆ ಬೆಳಗಿಗೆ ತುಕ್ಕು. ನೆಲದ ಮೇಲೆ ಕೂತು ಮಂಡಿ ಸವೆಸಿಕೊಂಡವರು ಕಟ್ಟೆ ಒಲೆ ಬಂದಮೇಲೆ ನಿಂತು ಅಡುಗೆ ಮಾಡಿದರು, ಈಳಿಗೆಮಣೆ ಮಂಚದ ಕೆಳಗೆ ಸೇರಿತು. ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಅಗ್ಗದ ಸ್ಟೀಲ್ ಚಾಕು ಮೊಂಡಾದರೆ ಎಲ್ಲಿಗೆ ಹೋಗುತ್ತದೆ? ತಿಪ್ಪೆಗೆ. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಬೀದಿಯಲ್ಲಿ ಕೂಗುತ್ತಾ ಬರುತ್ತಿದ್ದ ಸಾಣೆಯವರೂ ಅಪರೂಪವಾದರು. ಕೊಂಡವರಿಗೂ ಮಾಡಿದವರಿಗೂ ನಡುವಿನ ಮಾತು ಅಲ್ಲಿಗೆ ಮುಗಿಯಿತು.

ಮಚ್ಚಿಗೆ ಬೇರೊಂದು ಕೇಡು ಬಂತು. ಸಿನಿಮಾಗಳು ಅದನ್ನು ರೌಡಿಯ ಕೈಗೆ ಕೊಟ್ಟವು. ಇವತ್ತು ಸಂತೆಯಲ್ಲಿ ಮಚ್ಚು ಹರವಿಕೊಂಡು ಕೂತ ಕಮ್ಮಾರನನ್ನು ಅನುಮಾನದಿಂದ ನೋಡುವವರಿದ್ದಾರೆ. ಶಸ್ತ್ರಾಸ್ತ್ರ ಕಾನೂನಿನ ನಿಯಮ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳ ಬಗ್ಗೆ ಮಾತಾಡುವಾಗಲೇ ಮನೆಬಳಕೆಗೆ, ಬೇಸಾಯಕ್ಕೆ ಮಾಡಿದ ಅಲಗುಗಳನ್ನು ಹೊರಗಿಟ್ಟಿದೆ. ಕಬ್ಬಿನ ಸೀಮೆಯಲ್ಲಿ ಮಚ್ಚು ಬೇಸಾಯದ ಸಾಮಾನು ಎಂಬುದನ್ನು ಬಿಡಿಸಿ ಹೇಳಬೇಕಾಗಿ ಬಂದಿರುವುದು ನನಗೆ ನೋವಿನ ವಿಷಯ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದ ನಾಡು ಇದು. ಆಯುಧಪೂಜೆಯ ದಿನ ಅರಮನೆಯಲ್ಲಿ ಖಡ್ಗಕ್ಕೆ ಪೂಜೆ. ನಮ್ಮ ಮನೆಗಳಲ್ಲಿ ಕುಳ, ಕುಡುಗೋಲು, ಮಚ್ಚು, ಈಳಿಗೆ ಎಲ್ಲಕ್ಕೂ ಅರಿಶಿನ ಕುಂಕುಮ. ಬಾಣಂತಿಯ ತಲೆದೆಸೆಗೆ ಕಬ್ಬಿಣದ ಅಲಗು ಇಟ್ಟು ಮಲಗಿಸಿದವರು ನಾವು.

ಹೊರಗಿನವರು ಏನು ಮಾಡಿದರು ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಜರ್ಮನಿಯಲ್ಲಿ ಸೋಲಿಂಗೆನ್ ಎಂಬ ಊರ ಹೆಸರನ್ನು ಬೇರೆ ಕಡೆ ಮಾಡಿದ ಚಾಕುಗಳ ಮೇಲೆ ಕೆತ್ತದಂತೆ 1938ರಲ್ಲೇ ಕಾನೂನು ತಂದರು. ಸಕಾಯ್‌ನಲ್ಲಿ ಬಡಿಯುವವರು ಒಬ್ಬರು, ಮಸೆಯುವವರು ಇನ್ನೊಬ್ಬರು, ಹಿಡಿ ಹಾಕುವವರು ಮತ್ತೊಬ್ಬರು; 1982ರಲ್ಲಿ ಅದಕ್ಕೆ ಸಾಂಪ್ರದಾಯಿಕ ಕಸುಬೆಂಬ ಸರ್ಕಾರದ ಮನ್ನಣೆ ಸಿಕ್ಕಿತು. ಕಾನೂನು, ಮನ್ನಣೆ ಎರಡೂ ಒಳ್ಳೆಯವೇ. ಆದರೆ ಆ ಊರುಗಳನ್ನು ಉಳಿಸಿರುವ ಇನ್ನೊಂದು ಸಂಗತಿ ನಮಗೆ ಹೆಚ್ಚು ಹತ್ತಿರದ್ದು: ಒಳ್ಳೆಯ ಚಾಕು ಕೊಂಡ ಅಡುಗೆಯವರು ಅದನ್ನು ಮಸೆಸಲು ಮತ್ತೆ ಕಳಿಸುತ್ತಾರೆ.

ನಮ್ಮಲ್ಲಿ 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಬಂತು. ಹದಿನೆಂಟು ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ಸಲಕರಣೆಗೆ 15,000 ರೂಪಾಯಿ, ತರಬೇತಿಯ ದಿನಗಳಿಗೆ ದಿನಕ್ಕೆ 500, ಶೇಕಡ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಅರ್ಜಿ ಹಾಕದವರು ಹಾಕಿ, ಹಾಕಲು ಬಾರದವರಿಗೆ ಊರಿನ ಓದಿದ ಮಕ್ಕಳು ಬರೆದುಕೊಡಿ. ಆದರೆ ಸಾಲ ಸಿಕ್ಕ ಕುಲುಮೆಗೆ ಗಿರಾಕಿ ಬರದಿದ್ದರೆ ಸಾಲವೇ ಉಳಿಯುತ್ತದೆ. ಅದಕ್ಕೆ ನನ್ನ ಕೋರಿಕೆ ಸರಳ. ನಮ್ಮ ನಾಲ್ಕೂ ತಾಲ್ಲೂಕುಗಳ ಸಂತೆಗಳಲ್ಲಿ ಅಲಗು ತಟ್ಟಿಕೊಡುವವರಿಗೆ ನೆರಳಿರುವ ಒಂದು ಖಾಯಂ ಜಾಗ, ಒಂದು ನೀರಿನ ನಲ್ಲಿ ಪಂಚಾಯಿತಿಗಳು ಕೊಡಲಿ. ಮದುವೆ ಮನೆಯ ಅಡುಗೆಯವರು, ಹೋಟೆಲಿನವರು, ಶಾಲೆಯ ಬಿಸಿಯೂಟದ ತಾಯಂದಿರು, ಇವರೆಲ್ಲ ದಿನಾ ಅಲಗು ಹಿಡಿಯುವವರು. ಅವರ ಅಲಗುಗಳು ತಿಂಗಳಿಗೊಮ್ಮೆ ಆ ನೆರಳಿಗೆ ಬರುವಂತಾದರೆ ಒಂದು ಕುಲುಮೆಗೆ ಊಟ ಹುಟ್ಟುತ್ತದೆ. ಪಾಲಿಟೆಕ್ನಿಕ್ಕಿನ ಮೇಷ್ಟರುಗಳು ಹದದ ಬಣ್ಣವನ್ನು ಶಾಖಮಾಪಕದ ಜತೆ ಹೋಲಿಸಿ ದಾಖಲಿಸಲಿ. ಅಪ್ಪನ ಪಕ್ಕದಲ್ಲಿ ಕೂರಲು ಮಗನಿಲ್ಲದ ಕುಲುಮೆಯ ವಿದ್ಯೆ ಹಾಗಾದರೂ ಇನ್ನೊಬ್ಬರ ಕೈಗೆ ಹೋದೀತು.

ಕೊನೆಯದಾಗಿ ಒಂದು ಮಾತು ಬಾಕಿ ಇದೆ. ಇಷ್ಟು ಹೊತ್ತು ಕಮ್ಮಾರ, ಅವನು ಎನ್ನುತ್ತಲೇ ಬಂದೆ. ನಮ್ಮ ಕುಲುಮೆಗಳಲ್ಲಿ ತಿದಿ ಒತ್ತಿದವರು, ಈಗ ಗಾಳಿಯ ಚಕ್ರ ತಿರುಗಿಸುವವರು, ಅನೇಕ ಕಡೆ ಎದುರು ನಿಂತು ಸಮ್ಮೆಟ್ಟಿಗೆ ಬೀಸುವವರು ಆ ಮನೆಯ ಹೆಂಗಸರು. ಬೆಂಕಿಯ ಬಣ್ಣ ಅವರಿಗೂ ಅಷ್ಟೇ ಗೊತ್ತು. ಗಾಳಿ ಯಾವಾಗ ಜೋರು ಮಾಡಬೇಕು, ಯಾವಾಗ ತಗ್ಗಿಸಬೇಕು ಎಂದು ತಿಳಿಯದೆ ತಿದಿ ಒತ್ತಲಾಗುವುದಿಲ್ಲ. ಅದೇ ಕೈ ಮಧ್ಯಾಹ್ನ ಈಳಿಗೆಮಣೆಯ ಮುಂದೆ ಕೂರುತ್ತದೆ. ಅಲಗು ಮಾಡುವುದನ್ನೂ ಬಳಸುವುದನ್ನೂ ಬಲ್ಲವರು ಅವರೊಬ್ಬರೇ. ಯೋಜನೆಯ ಅರ್ಜಿಗಳಲ್ಲಿ, ಸಂತೆಯ ಮಳಿಗೆಯ ಪಟ್ಟಿಯಲ್ಲಿ, ನಾವು ಮಾಡಿಸಬೇಕೆಂದಿರುವ ಕುಲುಮೆಗಳ ದಾಖಲೆಯಲ್ಲಿ ಗಂಡನ ಹೆಸರಿನ ಪಕ್ಕ ಅವರ ಹೆಸರನ್ನೂ ಕುಶಲಕರ್ಮಿ ಎಂದೇ ಬರೆಸಬೇಕು. ಇಲ್ಲಿ ಕೂತಿರುವ ಆಚಾರ್ ಮನೆಯ ತಾಯಂದಿರು ಸಭೆ ಮುಗಿದಮೇಲೆ ಹೊರಗಿನ ಮೇಜಿನ ಬಳಿ ತಮ್ಮ ಹೆಸರು, ಊರು, ಯಾವ ಯಾವ ಅಲಗು ಮಾಡುತ್ತೀರಿ ಎಂಬುದನ್ನು ಬರೆಸಿ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ. ಬರೆದುಕೊಳ್ಳಲು ನಾನೇ ಅಲ್ಲಿ ಕೂತಿರುತ್ತೇನೆ.